ಉಪ್ಪು ಸುರಿದ ಎಡೆ

ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಸಮುದ್ರದಂಚಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಕಾಡು ಕಡಿಯುವ ಮೊದಲು ಅಲ್ಲಿರುವ ಕಾಣದವರಿಗೆ ಎಡೆ ಇಡುವುದು ನಮ್ಮ ಸಮಾರ್ ದ್ವೀಪದ ಪದ್ಧತಿ. ಅನ್ನವಾಗಲಿ ಕೋಳಿಯಾಗಲಿ, ಉಪ್ಪು ಹಾಕುವಂತಿಲ್ಲ. ಅವರಿಗೆ ಉಪ್ಪು ಆಗುವುದಿಲ್ಲ. ಸಿಗಡಿ ಕೆರೆ ತೋಡಿಸಲು ಹೊರಟಿದ್ದ ನನ್ನ ತಮ್ಮ ರೊಹೆಲಿಯೊ, ನಾನಿಟ್ಟ ಎಡೆಯ ಮೇಲೆ ಬೇಕೆಂದೇ ಒಂದು ಹಿಡಿ ಉಪ್ಪು ಸುರಿದ.

"ಪಾಪ, ಎಷ್ಟು ವರ್ಷ ಅಂತ ಸಪ್ಪೆ ತಿಂತಾರೆ ಬಿಡಕ್ಕಾ!" ಎಂದು ನಕ್ಕ. ಮರ ಕಡಿಯಲು ಬಂದವರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಮಧ್ಯಾಹ್ನ ಊಟಕ್ಕೆ ಕೂತವನು ತೆಂಗಿನಹಾಲಿನ ಮೀನುಸಾರನ್ನು ಪಕ್ಕಕ್ಕೆ ತಳ್ಳಿದ. "ಉಪ್ಪೇ ಹಾಕಿಲ್ವಲ್ಲಕ್ಕಾ!" ನನ್ನ ಬಾಯಿಗೆ ಸರಿಯಾಗಿಯೇ ಇತ್ತು. ಒಣಮೀನು ಕೊಟ್ಟೆ, ಅದೂ ಸಪ್ಪೆ ಎಂದ. ಉಪ್ಪಿನ ಹರಳನ್ನೇ ಕಡಿದು ಉಗಿದ. ಎದ್ದು ಹೋಗಿ ಸಮುದ್ರದ ನೀರನ್ನು ಬೊಗಸೆಯಲ್ಲಿ ಕುಡಿದು ತಿರುಗಿದಾಗ ಅವನ ಮುಖ ಬಿಳಿಚಿಕೊಂಡಿತ್ತು.

"ಇನ್ನೂ ಆಟ ಆಡ್ತೀಯೇನೋ, ಬೇವರ್ಸಿ!" ಎಂದು ಕೆನ್ನೆಗೆ ಬಾರಿಸಿದೆ. ತುಟಿ ಒಡೆಯಿತು. ಅವನು ರಕ್ತವನ್ನು ನೆಕ್ಕಿ, "ಅಕ್ಕಾ, ಇದೂ ಸಪ್ಪೆ," ಎಂದ.

ಸುಳ್ಳು ಹೇಳುತ್ತಿದ್ದಾನೆ ಎಂದು, ನನ್ನ ಬೆರಳಿಗೆ ಹತ್ತಿದ್ದ ಅವನ ರಕ್ತವನ್ನು ನಾನೇ ನಾಲಿಗೆಗೆ ಮುಟ್ಟಿಸಿ ನೋಡಿದೆ. ಬಾವಿಯ ನೀರು ನೆಕ್ಕಿದ ಹಾಗಿತ್ತು.