ಗೇಟಿನ ಕಣ್ಣಿಗೆ ಕುಂಕುಮ

ಗದಗಿನ ಶಾಲೆಯೊಂದರ ಗೇಟಿನ ಕಂಬದ ಮೇಲಿದ್ದ ಯಂತ್ರ ಬೆಳಿಗ್ಗೆ ಹನ್ನೊಂದೂಕಾಲಕ್ಕೆ ಒಮ್ಮೆಲೇ ಚೀರಿಕೊಂಡಿತು. ಮರುಕ್ಷಣ ಕಬ್ಬಿಣದ ಗೇಟು ತಾನಾಗಿಯೇ ಮುಚ್ಚಿಕೊಂಡು ಬೀಗ ಬಿತ್ತು. ಆಗಷ್ಟೇ ಆಟೋದಿಂದ ಇಳಿದಿದ್ದ ಸಬ್‌ ಇನ್‌ಸ್ಪೆಕ್ಟರ್ ಗಂಗಾಧರ ಬಾರಕೇರ ಗೇಟಿನ ಹೊರಗೇ ಉಳಿದರು. ಒಳಗೆ ಅವರ ಒಂಬತ್ತು ವರ್ಷದ ಮಗಳು ಸಿಂಚನಾ ಉಬ್ಬಸದಿಂದ ಒದ್ದಾಡುತ್ತಿದ್ದಳು. ಇನ್‌ಹೇಲರಿನ ಔಷಧಿ ಎಳೆದುಕೊಂಡರೂ ಉಬ್ಬಸ ಇಳಿಯುತ್ತಿಲ್ಲ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು ಎಂದು ಟೀಚರು ಠಾಣೆಗೆ ಫೋನ್ ಮಾಡಿದ್ದರು.

ಆ ಯಂತ್ರದ ಹೆಸರು ಮರೆಶಸ್ತ್ರ ಶೋಧಕ. ಕೆಲವು ವರ್ಷಗಳ ಹಿಂದೆ ಮಫ್ತಿಯಲ್ಲಿದ್ದ ಪೊಲೀಸ್ ಅಧಿಕಾರಿಯೊಬ್ಬ ಶಾಲೆಯ ಬಾಗಿಲಲ್ಲಿ ತನ್ನ ಮಗನ ಬೂಟಿನ ದಾರ ಕಟ್ಟಲು ಬಗ್ಗಿದಾಗ ಅಂಗಿಯೊಳಗಿನ ಪಿಸ್ತೂಲಿನಿಂದ ಗುಂಡು ಹಾರಿ, ಯಾರದೋ ಕೂಸು ಕಾಲು ಕಳೆದುಕೊಂಡಿತ್ತು. ಊರೆಲ್ಲ ಬೀದಿಗಿಳಿದ ಮೇಲೆ ಸರಕಾರ ಕಾಯ್ದೆ ತಂದಿತು. ಶಾಲೆಯ ಇನ್ನೂರು ಮೀಟರ್ ಒಳಗೆ ಯಾರೂ, ಪೊಲೀಸರೂ ಸಹ, ಬಂದೂಕು ಮರೆಮಾಡಿಕೊಂಡು ಬರುವಂತಿಲ್ಲ. ತಂದರೆ ಎಲ್ಲರಿಗೂ ಕಾಣುವಂತೆ ಸೊಂಟಕ್ಕೆ ಕಟ್ಟಿರಬೇಕು. ಯಂತ್ರಕ್ಕೆ ಒಂದು ಮೂಗು, ಒಂದು ಕಣ್ಣು. ಮೂಗು ಗುಂಡಿನ ಮದ್ದಿನ ವಾಸನೆ ಹಿಡಿಯುತ್ತದೆ, ಕಣ್ಣು ಆಯುಧ ಹೊರಗೆ ಕಾಣುತ್ತಿದೆಯೇ ಎಂದು ನೋಡುತ್ತದೆ. ಆಯುಧ ಇದೆ ಎಂದು ಮೂಗು, ಅದು ಹೊರಗೆ ಕಾಣುತ್ತಿಲ್ಲ ಎಂದು ಕಣ್ಣು ಹೇಳಿದರೆ ಬೀಗ. ಆ ವಾಸನೆ ಇನ್ನೂರು ಮೀಟರ್ ದಾಟಿ ಹೋಗುವ ತನಕ ಬೀಗ ತೆರೆಯುವುದಿಲ್ಲ.

ಬಾರಕೇರರ ಪಿಸ್ತೂಲು ಕಾಯ್ದೆ ಹೇಳಿದಂತೆ ಸೊಂಟದಲ್ಲಿ ಎದ್ದು ಕಾಣುತ್ತಿತ್ತು. ಮತ್ತೇಕೆ ಹೀಗಾಯಿತು ಎಂದು ತಲೆ ಎತ್ತಿ ನೋಡಿದರು. ಮರುದಿನದಿಂದ ದಸರಾ ರಜೆಯಾದ್ದರಿಂದ ಶಾಲೆಯವರು ಆಯುಧಪೂಜೆಯನ್ನು ಅಂದೇ ಮುಗಿಸಿದ್ದರು. ವ್ಯಾನು, ಗಂಟೆ, ಕಂಪ್ಯೂಟರು, ಹಾರ್ಮೋನಿಯಂ ಎಲ್ಲಕ್ಕೂ ಪೂಜೆಯಾಗಿತ್ತು. ಕಾವಲುಗಾರ ದ್ಯಾಮಣ್ಣ ಗೇಟಿನ ಯಂತ್ರವನ್ನಾದರೂ ಏಕೆ ಬಿಟ್ಟಾನು? ಏಣಿ ಹತ್ತಿ ಮೂರು ಬೆರಳು ವಿಭೂತಿ ಎಳೆದು, ಭಕ್ತಿಯಿಂದ ನಟ್ಟನಡುವೆ ಕುಂಕುಮ ಇಟ್ಟಿದ್ದ. ನಟ್ಟನಡುವೆ ಇದ್ದದ್ದು ಕಣ್ಣು.

ಕಣ್ಣು ಮಸುಕಾಗಿರಬೇಕು, ಹತ್ತಿರ ಹಿಡಿದರೆ ಕಂಡೀತು ಎಂದುಕೊಂಡು ಬಾರಕೇರ ಪಿಸ್ತೂಲು ತೆಗೆದು ತಲೆಯ ಮೇಲೆತ್ತಿ ಯಂತ್ರಕ್ಕೆ ತೋರಿಸಿದರು. ಪೂಜೆಯಿದ್ದುದರಿಂದ ಅಂದು ಅರ್ಧ ದಿನಕ್ಕೇ ಬಿಡುವ ಮಕ್ಕಳನ್ನು ಕರೆದೊಯ್ಯಲು ಬಂದಿದ್ದ ತಾಯಂದಿರು ಕಿರುಚುತ್ತ ಓಡಿದರು. ಒಳಗೆ ಮಕ್ಕಳು ಬೆಂಚಿನಡಿ ಸೇರಿಕೊಂಡರು. ಗೇಟು ಅಲುಗಲಿಲ್ಲ. ಬಾರಕೇರ ನಾಚಿ ಪಿಸ್ತೂಲನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಕಂಬದ ಮೇಲೆ ಬರೆದಿದ್ದ ನಂಬರಿಗೆ ಫೋನ್ ಮಾಡಿದರು. ಧಾರವಾಡದ ನಿಯಂತ್ರಣ ಕೇಂದ್ರದಲ್ಲಿ ಕರೆ ಎತ್ತಿಕೊಂಡವರು ಯಂತ್ರ ಕಟ್ಟಿದ ವಿಜ್ಞಾನಿ ಡಾ. ವಸುಮತಿ ದೇಶಪಾಂಡೆ.

“ಮೇಡಂ, ಗೇಟ್ ತಗೀರಿ. ನನ್ನ ಮಗಳು ಒಳಗದಾಳ್ರಿ, ಆಕಿಗೆ ಉಸಿರಾಡಾಕ ಆಗವಲ್ದು.”

“ನನ್ನ ಕೈಯಾಗಿಲ್ರೀ. ಯಾರ ವಶೀಲಿನೂ ನಡೀಬಾರದು ಅಂತ ಹಂಗ ಮಾಡೇವಿ.”

ಕಣ್ಣಿಗೆ ಕುಂಕುಮ ಮೆತ್ತಿದ್ದನ್ನು ಬಾರಕೇರ ಹೇಳಿದಾಗ, ಅದನ್ನು ಒರೆಸಲು ಆದೀತೇ ಎಂದು ವಸುಮತಿ ಕೇಳಿದರು. ಕಂಬ ಎರಡಾಳೆತ್ತರ, ನುಣ್ಣಗೆ. ಏಣಿ ಗೇಟಿನ ಒಳಗಿನ ಕೋಣೆಯಲ್ಲಿತ್ತು, ಕೋಣೆಯ ಕೀಲಿ ಪೂಜೆ ಮುಗಿಸಿ ಮನೆಗೆ ಹೋಗಿದ್ದ ದ್ಯಾಮಣ್ಣನ ಜೇಬಿನಲ್ಲಿತ್ತು. ಬಾರಕೇರ ಅದನ್ನೇ ಹೇಳಿದರು.

“ಹಂಗಾದ್ರ ಒಂದ ದಾರಿ. ನೀವು ಅಲ್ಲಿಂದ ದೂರ ಹೋಗ್ರಿ.”

ಕಿಟಕಿಯಲ್ಲಿ ಟೀಚರ ತೋಳಿನಲ್ಲಿ ಸಿಂಚನಾ ಕಾಣುತ್ತಿದ್ದಳು. ಪ್ರತಿ ಉಸಿರಿಗೂ ಅವಳ ಹೆಗಲು ಕಿವಿಯ ತನಕ ಏರುತ್ತಿತ್ತು. ತುಟಿ ನೀಲಿಗಟ್ಟಿತ್ತು. ಅವಳು ಅಪ್ಪನನ್ನೇ ನೋಡುತ್ತಿದ್ದಳು. ಈ ಕೂಸನ್ನು ಬಿಟ್ಟು ಒಂದು ಹೆಜ್ಜೆ ಸರಿಯುವುದೂ ಬಾರಕೇರರಿಗೆ ಸಾವಿನಂತೆ ತೋರಿತು. ಗೇಟು ತೆರೆದ ಕೂಡಲೇ ಅವಳನ್ನು ಕರೆದುಕೊಂಡು ಹೋಗು, ನನ್ನ ದಾರಿ ಕಾಯಬೇಡ ಎಂದು ಆಟೋದವನಿಗೆ ಹೇಳಿ, ಮಗಳಿಗೆ ಬೆನ್ನು ಮಾಡಿ ಓಡತೊಡಗಿದರು. ನಲವತ್ತಾರು ವರ್ಷ, ಭಾರದ ಬೂಟು, ಬೆಳೆದ ಹೊಟ್ಟೆ. ಹಿಟ್ಟಿನ ಗಿರಣಿ ದಾಟುವಷ್ಟರಲ್ಲಿ ಎದೆ ಒಡೆಯುವಂತಾಯಿತು. ಇನ್ನೂ ಬೀಗ ತೆರೆದ ಸದ್ದಿಲ್ಲ. ಅಳುತ್ತಲೇ ಇನ್ನಷ್ಟು ಓಡಿದರು. ಕಡೆಗೆ ಹಿಂದೆ ಎಲ್ಲೋ ಕಬ್ಬಿಣ ಕಿರುಗುಟ್ಟಿತು.

ಸಿಂಚನಾ ಉಳಿದಳು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ವೈದ್ಯರು. ಸಂಜೆ ವಸುಮತಿಯವರೇ ಧಾರವಾಡದಿಂದ ಆಸ್ಪತ್ರೆಗೆ ಬಂದರು. ಹುಡುಗಿ ಮಧ್ಯಾಹ್ನದಿಂದ ಅಪ್ಪನ ಜೊತೆ ಮಾತನಾಡಿರಲಿಲ್ಲ. ಅಪ್ಪ ಓಡಿಹೋದ ಎಂದಷ್ಟೇ ನರ್ಸಿನ ಮುಂದೆ ಹೇಳಿದ್ದಳಂತೆ. ವಸುಮತಿ ಹಾಸಿಗೆಯ ಪಕ್ಕ ಕುಳಿತು ಮೂಗು, ಕಣ್ಣು, ಕುಂಕುಮ, ಮದ್ದಿನ ವಾಸನೆ ಎಲ್ಲವನ್ನೂ ನಿಧಾನವಾಗಿ ವಿವರಿಸಿದರು. ಅಪ್ಪ ಓಡಿದ್ದಕ್ಕೇ ಬಾಗಿಲು ತೆರೆಯಿತು ಎಂದರು.

ಸಿಂಚನಾ ಆಮ್ಲಜನಕದ ಮಾಸ್ಕ್ ಸರಿಸಿದಳು.

“ಪಿಸ್ತೂಲು ದೂರ ಹೋಗಬೇಕಿತ್ತು. ಅಪ್ಪ ಯಾಕ ಹೋದ? ಯಾರ ಕೈಯಾಗರ ಕೊಟ್ಟು ಕಳಿಸಿ, ನನ್ನ ಹಂತೇಕ ಇರಬೇಕಿತ್ತಲ್ಲ?”

ವಸುಮತಿ ಬಾರಕೇರರ ಮುಖ ನೋಡಿದರು. ಪ್ರಾಣ ಹೋದರೂ ಆಯುಧ ಪರರ ಕೈಗೆ ಕೊಡಬಾರದು ಎಂಬುದು ತರಬೇತಿಯ ಮೊದಲ ದಿನದ ಪಾಠ. ಕೊಟ್ಟಿದ್ದರೆ ನೌಕರಿ ಹೋಗುತ್ತಿತ್ತು ಎಂದು ಬಾರಕೇರ ಮಗಳಿಗೆ ಹೇಳಬಹುದಿತ್ತು. ಆದರೆ ಅದು ಸುಳ್ಳಾಗುತ್ತಿತ್ತು. ನೌಕರಿಯ ಚಿಂತೆ ಅವರನ್ನು ಆಗ ತಡೆದಿರಲೇ ಇಲ್ಲ.

“ನನಗ ಹೊಳೀಲೇ ಇಲ್ಲವ್ವಾ,” ಎಂದರು.

ಸಿಂಚನಾ ಮಾಸ್ಕ್ ಏರಿಸಿಕೊಂಡು ಗೋಡೆಯ ಕಡೆ ಹೊರಳಿದಳು.