ಅವನು ಇಳಿಯುವ ತನಕ

ಇದು ಕಟ್ಟುಕಥೆಯಲ್ಲ. ಇದರಲ್ಲಿ ಕಟ್ಟಿದ್ದು ಹಗ್ಗವನ್ನು ಮಾತ್ರ!

"ಏಯ್, ತಲೆ! ತಲೆ!"

ಮೇಲಿನಿಂದ ಮೊದಲು ಕೂಗು ಬಿತ್ತು, ಹಿಂದೆಯೇ ತೋಳುಗಾತ್ರದ ಕೊಂಬೆ. ಅವಳು ಹಿಂದಕ್ಕೆ ಜಿಗಿದಳು.

"ಹೆಲ್ಮೆಟ್ ಇಲ್ಲದೆ ಮರದ ಕೆಳಗೆ ಬರೋರಿಗೆ ಇಲ್ಲೇನು ಕೆಲಸ?"

"ಕೆಲಸ ಕೇಳೋಕೇ ಬಂದಿದ್ದೀನಿ!"

ಹಗ್ಗದಲ್ಲಿ ಜೋತಾಡುತ್ತಿದ್ದವನು ನಕ್ಕ. ಅವಳಿಗೆ ಮೈ ಉರಿಯಿತು. ಆ ನಗು ಚೆನ್ನಾಗಿದೆ ಅನ್ನಿಸಿದ್ದಕ್ಕೆ ಇನ್ನಷ್ಟು ಉರಿಯಿತು.

ಮರ ಸವರುವ ಈ ಕಂಪನಿಗೆ ಬರುವ ಮುಂಚೆ ಅವಳು ಆರು ಕಡೆ ಅಲೆದಿದ್ದಳು. ಎಲ್ಲ ಕಡೆ ಒಂದೇ ಪ್ರಶ್ನೆ: "ಅನುಭವ ಇದೆಯಾ?" ಯಾರಾದರೂ ಕೆಲಸ ಕೊಟ್ಟರೆ ತಾನೇ ಅನುಭವ! ಅಣ್ಣನಂತೂ, "ಮರ ಹತ್ತೋ ಆಸೆ ಬಿಟ್ಟು ಮನೇಲಿ ಬಿದ್ದಿರು, ಕೋತಿ" ಎಂದು ರೇಗಿಸಿದ್ದ.

ಇಲ್ಲಿನ ಯಜಮಾನರು ಮಾತ್ರ ಗಂಟಲು ಸರಿಮಾಡಿಕೊಂಡು, "ಊಂ... ಹತ್ತು ದಿನ ನೋಡೋಣಮ್ಮ. ಆಮೇಲೆ ಹೇಳ್ತೀನಿ" ಎಂದರು.

ಒಂಬತ್ತು ದಿನ ಕೊಂಬೆ ಎಳೆದಳು, ಗರಗಸದ ಹಲ್ಲು ಹರಿತ ಮಾಡಿದಳು, ಮರ ಹತ್ತುವವನ ಸೊಂಟದ ಹಗ್ಗವನ್ನು ಕೆಳಗೆ ನಿಂತು ಹಿಡಿದಳು. ಹತ್ತುವವನು ಅದೇ ನಗುವಿನವನು. ಎಲ್ಲರ ದನಿಯನ್ನೂ ಅಣಕಿಸುತ್ತಾನೆಂದು ಅವನಿಗೆ ಗಿಳಿ ಎಂದೇ ಹೆಸರು. ಸ್ಟಾರ್ಟ್ ಆಗದ ಗರಗಸದ ಕೆಮ್ಮನ್ನೂ ಬಿಟ್ಟವನಲ್ಲ! ಆದರೆ ಅವಳು ನಕ್ಕಾಗ ಅವನ ಸ್ವಂತ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಹತ್ತನೆಯ ದಿನ. ಯಜಮಾನರು ಇನ್ನೊಂದು ಕೆಲಸದ ಜಾಗದಲ್ಲಿದ್ದರು. ಗಿಳಿ ಮರದ ತುದಿಯಲ್ಲಿ, ಹಗ್ಗ ಅವಳ ಕೈಯಲ್ಲಿ. ಅವಳ ಹೆಗಲ ಮೇಲಿನ ವಾಕಿಟಾಕಿ ಗೊರಗುಟ್ಟಿತು.

"ಊಂ... ನೋಡಮ್ಮ, ನೀನು ಬೇಡ. ಈಗಲೇ ಮನೆಗೆ ಹೊರಡು."

ಅವಳ ಕಣ್ಣು ಮಂಜಾಯಿತು. ಹಗ್ಗದ ಮೇಲಿನ ಹಿಡಿತ ಮಾತ್ರ ಸಡಿಲವಾಗಲಿಲ್ಲ.

"ಆಯ್ತು ಸಾರ್... ಆದ್ರೆ ಈಗಲೇ ಆಗಲ್ಲ. ಅವನಿನ್ನೂ ಮೇಲಿದ್ದಾನೆ. ಅವನ ಕಾಲು ನೆಲ ಮುಟ್ಟಲಿ, ಆಮೇಲೆ ಹೋಗ್ತೀನಿ."

ಮರದ ಮೇಲಿಂದ ತನ್ನ ವಾಕಿಟಾಕಿಯಲ್ಲಿ ಯಜಮಾನರ ದನಿ ತೆಗೆದು ಮಾತಾಡಿದ್ದ ಗಿಳಿಗೆ, "ತಮಾಷೆಗೆ ಅಂದೆ" ಎನ್ನಲು ನಾಲಿಗೆ ಏಳಲಿಲ್ಲ. 'ಅಯ್ಯೋ, ಎಂಥ ಪಾಪಿ ನಾನು...'

ಅವಳು ಗೇಣು ಗೇಣಾಗಿ ಹಗ್ಗ ಬಿಡುತ್ತಾ ಅವನನ್ನು ಇಳಿಸಿದಳು. ಅವನ ಕಾಲು ನೆಲ ಮುಟ್ಟಿದ್ದೇ ತಡ, ಹೆಲ್ಮೆಟ್ ಕಳಚಿಟ್ಟು ಗೇಟಿನತ್ತ ನಡೆದೇಬಿಟ್ಟಳು.

ಬೆಲ್ಟು, ಕೊಂಡಿ ಎಲ್ಲ ಜಣಜಣ ಎನ್ನುತ್ತಾ ಅವನು ಹಿಂದೆಯೇ ಓಡಿದ.

"ನಿಲ್ಲು! ಅದು ಅವರಲ್ಲ... ನಾನು! ಹೊಸಬರನ್ನ ಹೀಗೆ ಹೆದರಿಸೋದು ಇಲ್ಲಿ ರೂಢಿ..."

"ಆರು ಕಡೆ ಬೇಡ ಅನ್ನಿಸಿಕೊಂಡು ಬಂದವಳು ನಾನು. ನಿನಗದು ತಮಾಷೆ!"

ಅವಳು ತಿರುಗಿಯೂ ನೋಡದೆ ಗೇಟಿನ ಚಿಲಕಕ್ಕೆ ಕೈ ಹಾಕಿದಳು.

"ತಪ್ಪಾಯ್ತು. ಹೋಗಬೇಡ... ನನಗೆ ನೀನಂದ್ರೆ ಇಷ್ಟ."

ಅವಳ ಕೈ ಚಿಲಕದ ಮೇಲೇ ನಿಂತಿತು. ಅಷ್ಟರಲ್ಲಿ...

"ಊಂ... ಅಮ್ಮಾ, ನಿನ್ನ ಕೆಲಸ ಖಾಯಂ!"

ಅವಳ ಪಿತ್ತ ನೆತ್ತಿಗೇರಿತು. "ಮತ್ತೆ ಶುರು ಮಾಡಿದ್ಯಾ? ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗಿದೆ ಆ ದನಿ! ಮುಚ್ಚು ಬಾಯಿ!"

ತಿರುಗಿದಳು. ಗಿಳಿಯ ಬಾಯಿ ಮುಚ್ಚಿಯೇ ಇತ್ತು. ಯಜಮಾನರಿಗೆ ಉತ್ತರ ಕೊಡಲೆಂದು ಅವನ ಬೆರಳು ವಾಕಿಟಾಕಿಯ ಗುಂಡಿ ಒತ್ತಿತ್ತು! ಬೆಚ್ಚಿ ಬೆರಳು ತೆಗೆದ.

"ಊಂ... ನನ್ನ ದನಿ ಅಷ್ಟು ಕೆಟ್ಟದಾಗಿದೆಯೇನಮ್ಮ? ಇರಲಿ. ಆಗಿಂದ ನನ್ನ ವಾಕಿಟಾಕಿಯಲ್ಲಿ ಎಲ್ಲ ಕೇಳಿಸಿಕೊಂಡೆ. ಕೆಲಸ ಹೋಯ್ತು ಅಂದ್ರೂ ಹಗ್ಗ ಬಿಡದವಳನ್ನ ನಾನು ಬಿಡ್ತೀನಾ? ನಾಳೆ ಎಂಟಕ್ಕೆ ಬಾ. ಆ ಗಿಳಿಗೆ ಒಂದು ವಾರ ಕಸ ಗುಡಿಸೋ ಕೆಲಸ!"

ಅವಳು ನಾಚಿಕೆಯಿಂದ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದಲೇ ಕೇಳಿದಳು, "ಇಷ್ಟ ಅಂದ್ಯಲ್ಲ... ಅದು ಯಾರ ದನಿ?"

"ನಂದೇ..."

"ಇನ್ನೊಂದ್ಸಲ ಹೇಳು. ಗುರುತು ಸಿಗಬೇಕಲ್ಲ."

ನೂರು ದನಿಯವನು ಬಾಯಿ ತೆರೆದ. ಮೊದಲು ಗಾಳಿ ಬಂತು, ಆಮೇಲೆ ಕೀರಲು: "ಇ... ಇಷ್ಟ..."

"ಇದನ್ನ ಮಾತ್ರ ಯಾರೂ ಅಣಕಿಸೋಕಾಗಲ್ಲ ಬಿಡು. ನನಗೂ ಇಷ್ಟ!" ಎಂದವಳೇ ಹೊಟ್ಟೆ ಹಿಡಿದುಕೊಂಡು, ಗೇಟೇ ಅದುರುವಂತೆ ನಕ್ಕಳು.