ಅಪ್ಪ ಮೇಲೆ ನೋಡಲಿಲ್ಲ

"ಗಟ್ಟಿಯಾಗಿ ಹಿಡ್ಕೊ. ಆ ಕಡೆ ಈ ಕಡೆ ನೋಡ್ಬೇಡ," ಎಂದಳು ಅಮ್ಮ, ಪೇಂಟಿನ ಡಬ್ಬಿಯನ್ನು ಮೊಣಕೈಗೆ ನೇತುಹಾಕಿಕೊಳ್ಳುತ್ತ.

ಚೂಟಿ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಅಂಗೈ ಆಗಲೇ ಬೆವತಿತ್ತು.

"ಪೇಂಟರ್‌ನ ಕರೆಸೋಣ ಅಮ್ಮ."

"ಎಲ್ಲಾ ನಾವೇ ಮಾಡಿದ್ದೀವಿ. ಇನ್ನು ಇಷ್ಟೇ ಇಷ್ಟು ಉಳಿದಿದೆ."

ಅದು ನಿಜ. ಹೋದ ವರ್ಷ ಈ ಹಳೇ ಮನೆಗೆ ಬಂದಾಗಿನಿಂದ ಅಪ್ಪ ಅಮ್ಮನಿಗೆ ರಜೆ ಎಂದರೆ ಕೆಲಸ. ವಾರವೆಲ್ಲ ಅಮ್ಮ ಸಿಟಿ ಬಸ್ ಓಡಿಸುತ್ತಾಳೆ, ಅಪ್ಪ ಪ್ರೆಸ್ಸಿನಲ್ಲಿ ಪುಸ್ತಕ ಬೈಂಡ್ ಮಾಡುತ್ತಾನೆ. ಭಾನುವಾರ ಬಂತೆಂದರೆ ಇಬ್ಬರೂ ಸುತ್ತಿಗೆ, ಗುದ್ದಲಿ ಹಿಡಿದು ಸಿದ್ಧ. ಕಿರುಗುಟ್ಟುವ ಬಾಗಿಲುಗಳು ಸರಿಯಾದವು. ಅಡುಗೆಮನೆಗೆ ಶೆಲ್ಫ್ ಬಂತು, ಕೊಂಚ ಸೊಟ್ಟಗೆ. "ಶೆಲ್ಫ್ ನೆಟ್ಟಗಿದೆ, ಗೋಡೆ ಸೊಟ್ಟ," ಎಂದು ಅಪ್ಪ ವಾದಿಸಿದ. ಹಿತ್ತಲಿನ ಕಲ್ಲು ಆರಿಸಿ, ಮಣ್ಣು ಹದ ಮಾಡಿ, ಟೊಮೇಟೊ ಬೆಳೆದರು.

ಆಮೇಲೆ ಹಿತ್ತಲ ಕಡೆಯ ಇದೇ ಗೋಡೆಗೆ ಪೇಂಟ್ ಹೊಡೆಯುವಾಗ ಅಪ್ಪ ಏಣಿಯಿಂದ ಬಿದ್ದ. ಮೂರು ತಿಂಗಳು ಕಾಲಿಗೆ ಪ್ಲಾಸ್ಟರ್. ಈಗ ಬಿಚ್ಚಿದ್ದಾರೆ, ಆದರೆ ಕಾಲಿಗೆ ಇನ್ನೂ ಬಲ ಬಂದಿಲ್ಲ. ಅದಕ್ಕೇ ಇವತ್ತು ಹತ್ತುವವಳು ಅಮ್ಮ, ಹಿಡಿಯುವವಳು ಚೂಟಿ.

ಅಮ್ಮ ಹತ್ತಿದಂತೆಲ್ಲ ಏಣಿ ಸಣ್ಣಗೆ ನಡುಗಿತು. ಅವಳ ಚಪ್ಪಲಿಯಿಲ್ಲದ ಹಿಮ್ಮಡಿಗಳು ಚೂಟಿಯ ತಲೆಯನ್ನೂ ದಾಟಿ ಮೇಲೆ ಹೋದವು. ಇದು ಜಾರಿದರೆ ನನ್ನ ಕೈಲಿ ತಡೆಯೋಕಾಗುತ್ತಾ?

ಅಪ್ಪ ಹತ್ತೇ ಹೆಜ್ಜೆ ಆಚೆ, ಅರ್ಧ ಬೆನ್ನು ತಿರುಗಿಸಿ ಕುಳಿತು ಬೀನ್ಸ್ ಬೀಜ ಹಾಕುತ್ತಿದ್ದ. ಒಂದು ಸಲವೂ ಇತ್ತ ತಿರುಗಲಿಲ್ಲ.

ಧಪ್!

ಚೂಟಿ ಕಣ್ಣು ಮುಚ್ಚಿಬಿಟ್ಟಳು.

"ಬ್ರಷ್ ಕಣೇ, ಬ್ರಷ್ ಬಿತ್ತು," ಎಂದಳು ಅಮ್ಮ ಮೇಲಿನಿಂದ. "ಇರ್ಲಿ, ಜೇಬಲ್ಲಿ ಇನ್ನೊಂದಿದೆ."

ಅಪ್ಪ ಆಗಲೂ ತಿರುಗಲಿಲ್ಲ. ಚೂಟಿಗೆ ಅಳು, ಸಿಟ್ಟು ಎರಡೂ ಬಂದವು. ಇವನಿಗೆ ಏನೂ ಅನಿಸುವುದೇ ಇಲ್ಲವೇ?

ಕೋಪದಿಂದಲೇ ಅವನತ್ತ ನೋಡಿದಳು. ಅಪ್ಪನ ಕೈಯಲ್ಲಿ ಬೀಜದ ಪ್ಯಾಕೆಟ್ ಖಾಲಿಯಾಗಿತ್ತು. ಅಷ್ಟೂ ಬೀಜ ಒಂದೇ ಗುಣಿಯಲ್ಲಿ ಬಿದ್ದಿತ್ತು. ಅವನ ಬೆರಳುಗಳು ಖಾಲಿ ಪ್ಯಾಕೆಟ್ಟನ್ನು ಮುದುರುತ್ತಲೇ ಇದ್ದವು. ಹೆಗಲು ಕಿವಿಯವರೆಗೆ ಏರಿತ್ತು.

"ಇಳಿದ್ಲಾ?" ಎಂದ ಅಪ್ಪ, ಮೆಲ್ಲಗೆ, ಮಣ್ಣಿನ ಕಡೆಗೇ ಮುಖ ಮಾಡಿ.

ಚೂಟಿ ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಹೇಳಿದಳು: "ಇನ್ನೂ ಇಲ್ಲಪ್ಪ. ಮೂಲೆಗೆ ಹೊಡೀತಿದ್ದಾಳೆ. ಒಂದು ಕೈಯಲ್ಲಿ ಏಣಿ ಹಿಡಿದಿದ್ದಾಳೆ."

ಅಪ್ಪ ತಲೆ ಮಾತ್ರ ಆಡಿಸಿದ.

"ಮೂಲೆ ಮುಗೀತು. ಈಗ ಇಳೀತಿದ್ದಾಳೆ. ಇನ್ನು ಎಂಟು ಮೆಟ್ಟಿಲು. ಏಳು."

"ಏನೇ ಇದು, ಕ್ರಿಕೆಟ್ ಕಾಮೆಂಟರಿ?" ಅಮ್ಮ ನಕ್ಕಳು.

ಚೂಟಿ ಬೀನ್ಸ್ ಪಾತಿಯವರೆಗೂ ಕೇಳಿಸುವಷ್ಟು ಜೋರಾಗಿ, "ಆರು," ಎಂದಳು. "ಐದು."

ಅಪ್ಪನ ಹೆಗಲು ಒಂದೊಂದು ಅಂಕಿಗೂ ಸ್ವಲ್ಪ ಸ್ವಲ್ಪ ಕೆಳಗಿಳಿಯುತ್ತಿತ್ತು. ಚೂಟಿ ಅದನ್ನೇ ನೋಡುತ್ತ, ಆತುರಪಡದೆ, ಒಂದನ್ನೂ ಬಿಡದೆ ಎಣಿಸಿದಳು.